ಹೆಸರು ಹೇಳಿ ಒಳಗೆ ಬಾ

ನನ್ನ ಮದುವೆಯ ವಿಷಯ ಯಾರಾದರೂ ಎತ್ತಿದರೆ ನಾನು ಊಟದ ಬಗ್ಗೆ ಹೇಳಿ ಮಾತು ಮುಗಿಸುತ್ತೇನೆ. ಊಟ ಬಲು ಚೆನ್ನಾಗಿತ್ತಂತೆ. ನಾನಂತೂ ಉಂಡಿರಲಿಲ್ಲ. ನನಗೆ ಆ ದಿನದ್ದು ನೆನಪಿರುವುದು ಒಂದೇ, ಗಂಡನ ಮನೆಯ ಹೊಸ್ತಿಲು. ಹೊಸ್ತಿಲಿನ ಹೊರಗೆ ನಾನು, ಪಕ್ಕದಲ್ಲಿ ಅವರು, ಒಳಗೆ ನನ್ನ ನಾದಿನಿ. ಅವಳು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಹೆಸರ ಹೇಳಿ ಒಳಗ ಬಾ, ವೈನಿ."

ನಮ್ಮ ಕಡೆಯ ಪದ್ಧತಿ ಇದು. ಗಂಡನ ಹೆಸರನ್ನು ಹೆಂಡತಿಯಾದವಳು ಬರಿದೇ ಹೇಳುವಂತಿಲ್ಲ. ಪ್ರಾಸ ಕಟ್ಟಿ, ಎರಡು ಸಾಲಿನ ನಡುವೆ ಹೆಸರನ್ನು ಕೂರಿಸಿ, ನಾಲ್ಕು ಜನರಿಗೆ ಕೇಳುವಂತೆ ಹೇಳಬೇಕು. ನಾವು ಒಡಪು ಅನ್ನುತ್ತೇವೆ, ಮರಾಠಿಯವರು ಉಖಾಣಾ ಅನ್ನುತ್ತಾರೆ. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ, ಕೂಸಿನ ತೊಟ್ಟಿಲಲ್ಲಿ, ಸಂಕ್ರಾಂತಿಯ ಅರಿಷಿನ-ಕುಂಕುಮದಲ್ಲಿ, ಎಲ್ಲೆಲ್ಲಿ ಹೆಂಗಸರು ಸೇರುತ್ತಾರೋ ಅಲ್ಲೆಲ್ಲ ಇದು ಇದ್ದದ್ದೇ. ಬಾಯಿ ಇದ್ದವರಿಗೆ ಹಬ್ಬ. ನನ್ನಂಥವರಿಗೆ ಎದೆಯಲ್ಲಿ ಅವಲಕ್ಕಿ ಕುಟ್ಟುವ ಹೊತ್ತು.

ನಾನು ಕಬ್ಬೂರಿನ ಹುಡುಗಿ. ಕೊಟ್ಟದ್ದು ರಾಯಬಾಗ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಒಂದು ಊರಿಗೆ. ಮದುವೆಗೆ ಮುಂಚೆ ನನ್ನ ಮಾವಶಿ, ಅಂದರೆ ಅವ್ವನ ತಂಗಿ, ನನ್ನನ್ನು ಹಿಡಿದು ಕೂರಿಸಿ ಒಂದು ಒಡಪನ್ನು ಗಟ್ಟಿ ಮಾಡಿಸಿದ್ದಳು. "ಬೆಳ್ಳಿ ಬಟ್ಟಲದಾಗ ಕೇಸರಿ ಹಾಲ, ಇಂಥವರ ಹೆಸರ ಹೇಳತೀನಿ, ಬಿಡ ತಂಗಿ ಬಾಗಿಲ." ಇಷ್ಟೇ. ಶಾಲೆಯಲ್ಲಿ ಮಗ್ಗಿ ಒಪ್ಪಿಸುವಾಗಲೂ ನಾನು ಇಷ್ಟು ಉರು ಹೊಡೆದಿರಲಿಲ್ಲ. ಜಳಕ ಮಾಡುವಾಗ, ಅರಿಷಿನ ಹಚ್ಚಿಸಿಕೊಳ್ಳುವಾಗ, ಟೆಂಪೋದಲ್ಲಿ ಬರುವಾಗ, ತುಟಿಯೊಳಗೇ ಹೇಳಿಕೊಂಡೇ ಬಂದಿದ್ದೆ.

ಬಾಗಿಲಲ್ಲಿ ನಿಂತು "ಬೆಳ್ಳಿ" ಅಂದೆ. ಮುಂದಿನದು ಬರಲಿಲ್ಲ.

ಮರೆತಿರಲಿಲ್ಲ. ಇಡೀ ಸಾಲು ಕಣ್ಣ ಮುಂದೆ ಇತ್ತು. ನಾಲಗೆ ಅಂಗುಳಿಗೆ ಅಂಟಿತು. ಅಂಗಳದ ತುಂಬ ಜನ. ಯಾರೋ ಕಿಸಕ್ಕನೆ ನಕ್ಕರು. "ಬೆಳ್ಳಿ ಆತ, ಮುಂದ ಬಂಗಾರ ಹೇಳವಾ" ಎಂದರು ಯಾರೋ. ವಾಲಗದವರೂ ಊದುವುದು ನಿಲ್ಲಿಸಿ ಕಾಯುತ್ತಿದ್ದರು. ನಾನು ಓರೆಗಣ್ಣಿನಲ್ಲಿ ಗಂಡನನ್ನು ನೋಡಿದೆ. ಬಾಸಿಂಗದ ಕೆಳಗೆ ಅವರ ಕಿವಿ ಕೆಂಪಾಗಿತ್ತು. ಹೆಂಡತಿ ತನ್ನ ಹೆಸರು ಹೇಳಲಿ ಎಂದು ಊರ ಮುಂದೆ ಕಾದು ನಿಂತ ಗಂಡಸು, ಹೆಂಡತಿಗೆ ಅದೂ ಆಗಲಿಲ್ಲ. ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಕೊನೆಗೆ ಹಿಂದಿನಿಂದ ಮಾವಶಿ ಜನರನ್ನು ಸರಿಸಿಕೊಂಡು ಬಂದು, ನಗುನಗುತ್ತ, ನನ್ನ ಬದಲು ತಾನೇ ಹೇಳಿಬಿಟ್ಟಳು. "ಪಾಪ, ದಣದೈತಿ ಕೂಸು, ಮುಂಜಾನಿಂದ ಉಪವಾಸ ಐತ್ರಿ" ಎಂದು ಸೇರಿಸಿದಳು. ನಾದಿನಿ ಕೈ ಇಳಿಸಿದಳು. ನಾನು ಅಕ್ಕಿ ತುಂಬಿದ ಸೇರನ್ನು ಒದ್ದು ಒಳಗೆ ಹೋದೆ. ಬೇರೆಯವರ ಬಾಯಿಯಿಂದ ನನ್ನ ಸಂಸಾರದ ಬಾಗಿಲು ತೆರೆಯಿತು. ಮಾವಶಿ ಮಾಡಿದ್ದು ಪ್ರೀತಿಯಿಂದಲೇ. ಆದರೆ ಆ ಪ್ರೀತಿಗೆ ನನಗೆ ಎಷ್ಟು ನಾಚಿಕೆಯಾಯಿತೆಂದರೆ ಅವಳು ಹೊರಡುವಾಗ ನಾನು ಎದ್ದು ಬೀಳ್ಕೊಡಲೂ ಇಲ್ಲ.

ಅಂದಿನಿಂದ ಆ ಮನೆಯಲ್ಲಿ ನನಗೆ ಬೆಳ್ಳಿ ಎಂದೇ ಚೇಷ್ಟೆ ಶುರುವಾಯಿತು. ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು: "ಮಾತ ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ನಮ್ಮ ಸೊಸಿ ಎರಡೂ ತಂದಾಳ ನೋಡ್ರಿ." ಕೆಟ್ಟವರಲ್ಲ ಅತ್ತೆ. ಬಾಯಿ ಮಾತ್ರ ಸಾಣೆ ಹಿಡಿದದ್ದು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆಮೇಲೆ ಒಲೆಯ ಮುಂದೆ ಕೂತು ರೊಟ್ಟಿಯನ್ನು ಅಗತ್ಯಕ್ಕಿಂತ ಜೋರಾಗಿ ಬಡಿಯುತ್ತಿದ್ದೆ.

ವರ್ಷಗಳು ಹೋದವು. ಹೆಂಗಸರು ಸೇರುವ ಕಡೆಯೆಲ್ಲ ನಾನು ಅಡುಗೆಮನೆ ಹಿಡಿದೆ. "ನೀವ ಕುಂದರ್ರಿ, ಒಲಿ ನಾ ನೋಡಕೋತೀನಿ" ಎಂದುಬಿಟ್ಟರೆ ಯಾರೂ ಬೇಡ ಅನ್ನುವುದಿಲ್ಲ. ಎಂಥ ಕೆಲಸದವಳು ಎಂಬ ಹೆಸರೂ ಬರುತ್ತದೆ. ನನ್ನದೇ ಕುಬಸದ ದಿನ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮಣೆಯ ಮೇಲೆ ಕೂರಿಸಿ "ಹೆಸರ ಹೇಳ" ಎಂದು ಕೂತರು. ನಾನು ತಲೆ ಸುತ್ತುತ್ತಿದೆ ಎಂದು ಕಣ್ಣು ಮುಚ್ಚಿದೆ. ಬಸುರಿಗೆ ತಲೆ ಸುತ್ತಿದರೆ ಯಾರು ಸಂಶಯಪಡುತ್ತಾರೆ? ಪಾಪ, ನೀರು ತಂದರು, ಗಾಳಿ ಹಾಕಿದರು. ಹೊಟ್ಟೆಯೊಳಗಿನ ಕೂಸನ್ನು ಅಡ್ಡ ಹಿಡಿದು ಪಾರಾದೆನಲ್ಲ ಎಂದು ಅವತ್ತು ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಮಜಾ ಏನೆಂದರೆ, ಒಡಪುಗಳೆಲ್ಲ ನನಗೆ ಬರುತ್ತಿದ್ದವು. ಅಡುಗೆಮನೆಯಿಂದ ಕಿವಿಗೊಟ್ಟು ಎಲ್ಲರದೂ ಕಲಿತಿದ್ದೆ, ನಾನೇ ಹೊಸದಾಗಿ ಕಟ್ಟುತ್ತಲೂ ಇದ್ದೆ. ಹಿತ್ತಿಲಿನ ಕೊಟ್ಟಿಗೆಯಲ್ಲಿ ಹಾಲು ಹಿಂಡುವಾಗ ಎಮ್ಮೆಗೆ ಹೇಳುತ್ತಿದ್ದೆ. ನನ್ನ ಗಂಡನ ಹೆಸರು ಪ್ರಾಸದ ಸಮೇತ ಆ ಎಮ್ಮೆಗೆ ಬಾಯಿಪಾಠವಾಗಿರಬೇಕು. ಗಂಡನಿಗೆ ಮಾತ್ರ ನನ್ನ ಬಾಯಿಂದ ಒಮ್ಮೆಯೂ ಕೇಳಿ ಗೊತ್ತಿರಲಿಲ್ಲ. ಹೇಳು ಎಂದು ಅವರು ಕೇಳಿದ್ದೂ ಇಲ್ಲ. ಒಮ್ಮೆ ಮಾತ್ರ, ಯಾರದೋ ಮದುವೆಯಿಂದ ಬಂದ ದಿನ, ಅಂಗಿ ಗೂಟಕ್ಕೆ ಹಾಕುತ್ತ, "ಬಿಡ, ಹೆಸರ ಹೇಳಿದ್ರ ಏನ ಹೊಟ್ಟಿ ತುಂಬತೈತಿ?" ಎಂದಿದ್ದರು. ಸಮಾಧಾನಕ್ಕೆ ಹೇಳಿದ್ದು. ನನಗೆ ಬಾಸಿಂಗದ ಕೆಳಗಿನ ಆ ಕೆಂಪು ಕಿವಿ ನೆನಪಾಯಿತು.

ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾಗಿದ್ದಳು, ಆ ವರ್ಷ ಅವರು ಕಾಲು ಮುರಿದುಕೊಂಡರು. ಕಾಲುವೆ ದಾರಿಯ ಕೆಸರಲ್ಲಿ ಬೈಕ್ ಜಾರಿತು. ತೊಡೆಯವರೆಗೆ ಪ್ಲಾಸ್ಟರ್ ಹಾಕಿ ಪಡಸಾಲೆಯ ಮಂಚದ ಮೇಲೆ ಮಲಗಿಸಿದರು. ಹೊಲದಲ್ಲಿ ಕಬ್ಬು ಕಡಿಯುವುದಕ್ಕೆ ಬಂದಿತ್ತು.

ಕಬ್ಬು ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಕಬ್ಬನ್ನು ಬೆಳೆಯುವುದು ರೈತನ ಕೈಯಲ್ಲಿ, ಕಡಿಸುವುದು ಬಾಯಲ್ಲಿ. ಸಕ್ಕರೆ ಫ್ಯಾಕ್ಟರಿಯಿಂದ ಪಾಳಿ ಬರುತ್ತದೆ ನಿಜ. ಆದರೆ ಕಡಿಯುವ ಗ್ಯಾಂಗು ಬರುವುದು ಮಹಾರಾಷ್ಟ್ರದ ಬೀಡ ಕಡೆಯಿಂದ. ಊರ ಹೊರಗೆ ಗುಡಿಸಲು ಹಾಕಿಕೊಂಡು ಗಂಡ-ಹೆಂಡಿರು ಜೋಡಿಯಾಗಿ ಕಡಿಯುತ್ತಾರೆ. ಅವರ ಮುಖ್ಯಸ್ಥ ಮುಕಾದಮ. ಇವತ್ತು ಯಾರ ಹೊಲ, ನಾಳೆ ಯಾರ ಹೊಲ ಎಂಬುದು ಅವನ ಮರ್ಜಿ. ರೈತನಾದವನು ಬೆಳಗ್ಗೆ ಎದ್ದು ಅವನ ಗುಡಿಸಲಿಗೆ ಹೋಗಬೇಕು, ಚಹಾ ಕುಡಿಸಬೇಕು, ಹೆಗಲ ಮೇಲೆ ಕೈ ಹಾಕಬೇಕು, ಬೇಕಾದರೆ ಜಗಳವಾಡಿ ಮತ್ತೆ ನಗಿಸಬೇಕು. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಅನ್ನುತ್ತಾರಲ್ಲ, ಕಬ್ಬಿನ ಸೀಮೆಯಲ್ಲಿ ಆ ಮಾತು ಸುಗ್ಗಿಗೂ ಸಲ್ಲುತ್ತದೆ.

ನಮ್ಮ ಪಾಳಿ ಬಂದು ದಾಟಿ ಹೋಯಿತು. ಇವರು ಮಂಚದ ಮೇಲಿಂದ ಫೋನ್ ಮಾಡಿದರೆ ಮುಕಾದಮ "ಯೇತೋ, ಯೇತೋ", ಬರ್ತೀವಿ ಬರ್ತೀವಿ ಎಂದು ಕಟ್ ಮಾಡುತ್ತಿದ್ದ. ಎಡಗಡೆಯವರ ಕಬ್ಬು ಹೋಯಿತು, ಬಲಗಡೆಯವರದೂ ಹೋಯಿತು. ನಡುವೆ ನಮ್ಮದೊಂದು ನಿಂತಿತು. ನಿಂತದ್ದಷ್ಟೇ ಅಲ್ಲ, ಹೂ ಬಿಟ್ಟಿತು. ಪುಸ್ತಕದವರು ಸೂಲಂಗಿ ಅನ್ನುತ್ತಾರೆ, ನಾವು ತುರಾಯಿ ಅನ್ನುತ್ತೇವೆ. ನೋಡಲಿಕ್ಕೆ ಬೆಳ್ಳಗೆ ಚಂದ. ಆದರೆ ತುರಾಯಿ ಬಂದ ಕಬ್ಬು ನಿಂತಷ್ಟು ದಿನ ಒಳಗೊಳಗೆ ಬೆಂಡಾಗುತ್ತದೆ, ರಸ ಆರುತ್ತದೆ. ವರ್ಷವಿಡೀ ನೀರು ಹಾಯಿಸಿದ್ದು ಕಣ್ಣ ಮುಂದೆ ಕಸವಾಗುತ್ತದೆ. ಆ ಹೊಲ ಬಸ್ಸಿನ ರಸ್ತೆಗೆ ಹತ್ತಿಕೊಂಡೇ ಇತ್ತು. ಉಗಾರಕ್ಕೆ ಹೋಗುವವರು, ಬರುವವರು ಎಲ್ಲರೂ ನೋಡುತ್ತಿದ್ದರು. "ನಿಮ್ಮ ಕಬ್ಬ ತಲಿಗೆ ಪಟಗಾ ಸುತ್ತಿಕೊಂಡ ಯಾರ ಲಗ್ನಕ್ಕ ಹೊಂಟೈತಿ?" ಎಂದು ಬಾವಿಯ ಹತ್ತಿರ ಒಬ್ಬಾಕೆ ಕೇಳಿದಳು. ನಾನು ಕೊಡ ಎತ್ತಿಕೊಂಡು ಬಂದುಬಿಟ್ಟೆ.

ಅತ್ತೆಗೆ ಬಾಯಿ ಇತ್ತು, ಆದರೆ ಅದು ಜಗಳದ ಬಾಯಿ. ಅವರು ಆಗಲೇ ರಸ್ತೆಯಲ್ಲಿ ಮುಕಾದಮನನ್ನು ನಿಲ್ಲಿಸಿ, ಅವನ ಏಳು ತಲೆಮಾರನ್ನು ಎತ್ತಿ ಆಡಿಬಿಟ್ಟಿದ್ದರು. ಅವನು ಮುನಿಸಿಕೊಂಡಿದ್ದ. ಇನ್ನು ಉಳಿದದ್ದು ಯಾರು? ಬೆಳ್ಳಿ.

"ನೀನ ಒಮ್ಮೆ ಹೋಗಿ ಬರ್ತೀ?" ಎಂದು ಇವರು ಕೇಳಿದರು. ಕೇಳುವಾಗ ನನ್ನ ಮುಖ ನೋಡಲಿಲ್ಲ, ಗೋಡೆ ನೋಡುತ್ತಿದ್ದರು. ನನ್ನ ಮೇಲೆ ಭರವಸೆ ಇಲ್ಲದೆ ಕೇಳುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ತಪ್ಪೇನು? ನನಗೇ ಇರಲಿಲ್ಲ.

ಹೋದೆ. ಬೆಳಗಿನ ಚಳಿಯಲ್ಲಿ ಗುಡಿಸಲುಗಳ ಮುಂದೆ ಒಲೆಗಳು ಉರಿಯುತ್ತಿದ್ದವು. ಹೆಂಗಸರು ಬಾಜರಿ ಭಾಕರಿ, ಅಂದರೆ ಸಜ್ಜೆ ರೊಟ್ಟಿ, ತಟ್ಟುತ್ತಿದ್ದರು. ಮುಕಾದಮ ಟ್ರ್ಯಾಕ್ಟರಿನ ಬಳಿ ನಾಲ್ಕೈದು ರೈತರ ನಡುವೆ ನಿಂತಿದ್ದ. ಎಲ್ಲರೂ ಒಮ್ಮೆಗೇ ಮಾತಾಡುತ್ತಿದ್ದರು, ಮರಾಠಿ ಯಾವುದು ಕನ್ನಡ ಯಾವುದು ಗೊತ್ತಾಗದಂತೆ. ನಾನು ಟ್ರೇಲರಿನ ಹಿಂದೆ ನಿಂತೆ. ಒಬ್ಬರ ಮಾತು ಮುಗಿಯಲಿ ಎಂದು ಕಾದೆ. ಮುಗಿಯುವಷ್ಟರಲ್ಲಿ ಇನ್ನೊಬ್ಬರು ಶುರುಮಾಡುತ್ತಿದ್ದರು. ನಡುವೆ ನುಗ್ಗುವುದು ಹೇಗೆ? ಆ ವಿದ್ಯೆ ಜನ ಎಲ್ಲಿ ಕಲಿಯುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ.

ಮುಕಾದಮನ ಹೆಂಡತಿ ನನ್ನನ್ನು ನೋಡಿದಳು. ನನಗಿಂತ ಹಿರಿಯಳು, ಗಟ್ಟಿ ಆಳು, ಮೂಗಿನಲ್ಲಿ ದೊಡ್ಡ ನತ್ತು. "ಕಾಯ ಪಾಯಜೆ, ಬಾಯಿ?" ಏನು ಬೇಕವ್ವಾ ಎಂದು ಕೇಳಿದಳು.

ಮರಾಠಿ ನನಗೆ ಬರುತ್ತದೆ. ಕಬ್ಬೂರಿನಲ್ಲಿ ಅರ್ಧ ಓಣಿ ಮರಾಠಿಯೇ. ಗಂಡಸರೆಲ್ಲ ಮಾತು ನಿಲ್ಲಿಸಿ ನನ್ನ ಕಡೆ ತಿರುಗಿದರು. ನನ್ನ ಬಾಯಿಂದ ಬಂದದ್ದು ಒಂದೇ ಮಾತು.

"ಪಾಣೀ."

ಅವಳು ತಂಬಿಗೆಯಲ್ಲಿ ನೀರು ಕೊಟ್ಟಳು. ನಾನು ಕುಡಿದೆ. ತಂಬಿಗೆ ವಾಪಸು ಕೊಟ್ಟು, ತಲೆ ತಗ್ಗಿಸಿಕೊಂಡು ಮನೆಗೆ ಬಂದೆ.

"ನೀರ ಕುಡಿಯಾಕ ಅಲ್ಲಿತನಕ ಹೋಗಿದ್ದೇನ? ನಮ್ಮ ಮನ್ಯಾಗ ನೀರ ಇರಲಿಲ್ಲೇನ?" ಅತ್ತೆ ಹಣೆ ಚಚ್ಚಿಕೊಂಡರು. ಇವರೂ ಬೈದಿದ್ದರೆ ಚೆನ್ನಾಗಿತ್ತು. ಕಣ್ಣು ಮುಚ್ಚಿ ಮಲಗಿದರು.

ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಧಡ್ ಎಂದು ಸದ್ದಾಯಿತು. ಓಡಿ ಹೋಗಿ ನೋಡಿದರೆ ಇವರು ಮೆಟ್ಟಿಲ ಕೆಳಗೆ ಬಿದ್ದಿದ್ದಾರೆ. ಗೋಡೆ ಹಿಡಿದು, ಒಂಟಿ ಕಾಲಲ್ಲಿ ಕುಂಟುತ್ತ, ಪಕ್ಕದ ಮನೆಯವರ ಬೈಕ್ ಹತ್ತಿ ತಾವೇ ಗುಡಿಸಲಿಗೆ ಹೋಗುವ ವಿಚಾರ. ಪ್ಲಾಸ್ಟರಿನ ಕಾಲು ಸೆಟೆದುಕೊಂಡು ಮುಂದೆ ಚಾಚಿತ್ತು, ಪಂಚೆ ಮಣ್ಣಾಗಿತ್ತು. ನೋವಿಗೆ ಕಣ್ಣಲ್ಲಿ ನೀರು ಬಂದಿತ್ತು, ಆದರೂ ನನ್ನನ್ನು ನೋಡಿ "ಏನೂ ಆಗಿಲ್ಲ, ಏನೂ ಆಗಿಲ್ಲ" ಎಂದರು. ಹೆಗಲು ಕೊಟ್ಟು ಎಬ್ಬಿಸಿದೆ. ನನ್ನ ಬಾಯಿಗೆ ಬೆಂಕಿ ಬೀಳಲಿ ಎಂದುಕೊಂಡೆ. ಎಮ್ಮೆಯ ಮುಂದೆ ನೂರು ಮಾತಾಡುವ ಬಾಯಿ, ಮನುಷ್ಯರ ಮುಂದೆ ನೀರು ಕೇಳಿ ಬಂದಿತ್ತು. ನಾಚಿಕೆ ನನಗೆ ಹೊಸದಲ್ಲ. ಆದರೆ ಅದುವರೆಗೆ ನನ್ನ ನಾಚಿಕೆಯನ್ನು ನಾನೊಬ್ಬಳೇ ಉಣ್ಣುತ್ತಿದ್ದೆ. ಅವತ್ತು ಅದು ಅವರನ್ನು ಮೆಟ್ಟಿಲಿಂದ ಕೆಡವಿತ್ತು.

ಅದು ಸಂಕ್ರಾಂತಿ ಆದ ಮಾರನೆಯ ದಿನ. ದೇವರ ಮನೆಯಲ್ಲಿ ಕುಸುರೆಳ್ಳು ಇನ್ನೂ ಡಬ್ಬಿಯಲ್ಲಿತ್ತು. ನಾನು ತಾಟು ತೆಗೆದುಕೊಂಡೆ, ಅರಿಷಿನ-ಕುಂಕುಮದ ಬಟ್ಟಲು ಇಟ್ಟೆ, ಕುಸುರೆಳ್ಳು ಸುರಿದೆ. ಜಾಣತನ ಎಂದು ಯಾರೂ ತಿಳಿಯಬೇಡಿ. ಬರಿಗೈಯಲ್ಲಿ ಹೋದರೆ ಕೈ ಎಲ್ಲಿಡಬೇಕು ಎಂಬುದೇ ನನಗೆ ತಿಳಿಯುತ್ತಿರಲಿಲ್ಲ. ತಾಟಿದ್ದರೆ ಕೈಗೊಂದು ಕೆಲಸ, ಬಾಯಿಗೊಂದು ಮೊದಲ ಮಾತು. ಅಷ್ಟೇ ಲೆಕ್ಕ.

ಗ್ಯಾಂಗು ಆ ದಿನ ರಸ್ತೆಯಾಚೆಯ ಹೊಲದಲ್ಲಿತ್ತು. ಊಟದ ಹೊತ್ತು. ಹೆಂಗಸರು ಟ್ರೇಲರಿನ ನೆರಳಲ್ಲಿ ಗುಂಪಾಗಿ ಕೂತಿದ್ದರು, ಪಕ್ಕದಲ್ಲಿ ಸೀರೆಯ ಜೋಳಿಗೆಯಲ್ಲಿ ಕೂಸೊಂದು ಮಲಗಿತ್ತು. ಗಂಡಸರು ಸ್ವಲ್ಪ ದೂರ ತಂಬಾಕು ತಿಕ್ಕುತ್ತಿದ್ದರು. ನಾನು ಯಾರನ್ನೂ ನೋಡದೆ ಸೀದಾ ಮುಕಾದಮನ ಹೆಂಡತಿಯ ಮುಂದೆ ಹೋಗಿ ನಿಂತೆ. "ತಿಳಗೂಳ ಘ್ಯಾ, ಗೋಡ ಬೋಲಾ" ಎಂದೆ. ಎಳ್ಳು-ಬೆಲ್ಲ ತಗೊಳ್ಳಿ, ಸಿಹಿ ಮಾತಾಡಿ. ಎಲ್ಲರೂ ಹೇಳುವ ಮಾತೇ. ಅದನ್ನು ಹೇಳಲು ಸ್ವಂತ ಧೈರ್ಯ ಬೇಕಿಲ್ಲ.

ಅವಳು ಕೈಯಲ್ಲಿದ್ದ ಭಾಕರಿ ಕೆಳಗಿಟ್ಟಳು. ತಾಟು ನೋಡಿದಳು, ನನ್ನನ್ನು ನೋಡಿದಳು. "ಆಮ್ಹಾಲಾ?" ಎಂದಳು. ನಮಗಾ?

ಆಮೇಲೆ ಸೆರಗಿನಿಂದ ಹಣೆಯ ಬೆವರನ್ನು, ಕಬ್ಬಿನ ಧೂಳನ್ನು ಚೆನ್ನಾಗಿ ಒರೆಸಿಕೊಂಡು, ಕುಂಕುಮ ನಿಲ್ಲುವ ಹಾಗೆ ಹಣೆಯನ್ನು ಮುಂದೆ ಒಡ್ಡಿದಳು. ಒಬ್ಬೊಬ್ಬರಾಗಿ ಎಲ್ಲರೂ ಹಾಗೇ ಒರೆಸಿಕೊಂಡು ಒಡ್ಡಿದರು. ನಾನು ಹಚ್ಚುತ್ತ ಹೋದೆ. ಮುಗಿದ ಮೇಲೆ ಬಾಯಿ ತೆರೆದು ನಮ್ಮ ಕಬ್ಬಿನ ವಿಷಯ ಎತ್ತಬೇಕು ಅನ್ನುವಷ್ಟರಲ್ಲಿ ಅವಳು ನಕ್ಕು ಚಪ್ಪಾಳೆ ತಟ್ಟಿದಳು.

"ಹಳದಿ-ಕುಂಕೂ ಝಾಲಂ. ಆತಾ ನಾವ ಘ್ಯಾ ಕೀ, ಬಾಯಿ!"

ಅರಿಷಿನ-ಕುಂಕುಮ ಆಯಿತು, ಈಗ ನಾವ ಘ್ಯಾ, ಅಂದರೆ ಹೆಸರು ತಗೋ. ಗಂಡನ ಹೆಸರು ಹೇಳು.

ಅಯ್ಯ ನಮ್ಮವ್ವ! ಯಾವುದರಿಂದ ತಪ್ಪಿಸಿಕೊಂಡು ಅಡುಗೆಮನೆ ಸೇರಿದ್ದೆನೋ, ಅದು ಹೊಲದ ನಡುವೆ ಬಂದು ಅಡ್ಡ ನಿಂತಿತು. "ನಾವ ಘ್ಯಾ, ನಾವ ಘ್ಯಾ" ಎಂದು ಎಲ್ಲರೂ ಶುರುಮಾಡಿದರು. ಗಂಡಸರು ಈಚೆ ತಿರುಗಿದರು. ಟ್ರ್ಯಾಕ್ಟರಿನ ಡ್ರೈವರ್ ತಾನು ಹಚ್ಚಿದ್ದ ಹಾಡು ಬಂದ್ ಮಾಡಿದ. ಎಮ್ಮೆಗೆ ಹೇಳಿದ ಒಡಪು ಒಂದೂ ನೆನಪಿಗೆ ಬರಲಿಲ್ಲ. ಓಡಿಬಿಡೋಣ ಎಂದು ತಿರುಗಿದೆ. ತಿರುಗಿದ ಕಡೆ ರಸ್ತೆಯಾಚೆ ನಮ್ಮ ಹೊಲ ಇತ್ತು, ತುರಾಯಿ ಹೊತ್ತು ನಿಂತಿತ್ತು. ಅದನ್ನು ನೋಡುತ್ತಲೇ, ಜನರಿಗೆ ಬೆನ್ನು ಹಾಕಿಯೇ, ಬಾಯಿಗೆ ಬಂದದ್ದನ್ನು ಕನ್ನಡದಲ್ಲೇ ಅಂದುಬಿಟ್ಟೆ.

"ಕಬ್ಬ ಒಣಗಿ ಬಂತ ತುರಾಯಿ, ದಾರಿ ಕಾಯತಾಳ ಭೂಮಿತಾಯಿ, ನಮ್ಮ ರಾಯರ ಹೆಸರ ಹೇಳಾಕ ಇವತ್ತ ತೆರದೀನಿ ಬಾಯಿ!"

'ನಮ್ಮ ರಾಯರ' ಎಂದು ಬರೆದ ಕಡೆ ಅವರ ಹೆಸರು ಇತ್ತು. ಇಲ್ಲಿ ಬರೆಯುವುದಿಲ್ಲ, ಅವತ್ತು ಹೇಳಿದೆ. ಹೇಳಿದ್ದಲ್ಲ, ಕೂಗಿದೆ. ಜಗಳಕ್ಕೆ ಬಂದವರ ಧ್ವನಿ ಅದು, ಕೊನೆಗೆ ಒಡೆದೂ ಹೋಯಿತು. ಒಡಪು ಹೇಳುವ ನಯ-ನಾಜೂಕು ಒಂದೂ ಇರಲಿಲ್ಲ. ಜೋಳಿಗೆಯ ಕೂಸು ಎದ್ದು ಅಳತೊಡಗಿತು. ನನಗೆ ಮೈಯೆಲ್ಲ ಬಿಸಿಯಾಯಿತು. ತಿರುಗಿ ನೋಡುವ ಧೈರ್ಯ ಇರಲಿಲ್ಲ.

ಹಿಂದೆ ನಗೆ ಎದ್ದಿತು. ಗೇಲಿಯ ನಗೆ ಅಲ್ಲ, ಅಷ್ಟು ಗೊತ್ತಾಗುತ್ತದೆ ನನಗೆ. ಕನ್ನಡ ಅವರಿಗೆ ಪೂರ್ತಿ ತಿಳಿಯದಿದ್ದರೂ ತುರಾಯಿ ತಿಳಿದಿತ್ತು, ನಾನು ಎತ್ತ ನೋಡುತ್ತಿದ್ದೆ ಎಂಬುದೂ ತಿಳಿದಿತ್ತು. ಮುಕಾದಮನ ಹೆಂಡತಿ ಗಂಡನಿಗೆ ಏನೋ ಕೂಗಿ ಹೇಳಿದಳು. ಅವನು ಟೋಪಿ ಸರಿಸಿ ತಲೆ ಕೆರೆದುಕೊಂಡ. ಕಡೆಗೆ "ಉದ್ಯಾ ಯೇತೋ", ನಾಳೆ ಬರುತ್ತೇವೆ ಎಂದ. ಈ ಸಲ ಮುಖ ನೋಡಿ ಹೇಳಿದ.

ನಾನು ತಾಟು ಎತ್ತಿಕೊಂಡೆ. ಅವಳು ನನ್ನ ಮೊಣಕೈ ಹಿಡಿದಳು. ಹಳದಿ-ಕುಂಕುಮ ಮನೆಯಲ್ಲಿ ಮಾಡುವುದು ಬಾಯಿ, ಹೊಲದಲ್ಲಿ ಅಲ್ಲ ಎಂದಳು ಮರಾಠಿಯಲ್ಲಿ. ನಾವು ಪ್ರತಿ ವರ್ಷ ಸಂಕ್ರಾಂತಿಗೆ ಇಲ್ಲೇ ಇರುತ್ತೇವೆ, ಯಾರೂ ಕರೆಯುವುದಿಲ್ಲ, ನೀನು ಕರೆಯುತ್ತೀಯಾ? ನಗುತ್ತಲೇ ಕೇಳಿದ್ದಳು.

"ಯಾ ಕೀ, ಸಗಳ್ಯಾ ಯಾ." ಬನ್ನಿ, ಎಲ್ಲರೂ ಬನ್ನಿ ಎಂದುಬಿಟ್ಟೆ. ಗೆದ್ದ ಗುಂಗಿನಲ್ಲಿ ಬಾಯಿ ಸಡಿಲವಾಗಿತ್ತು. ರಸ್ತೆ ದಾಟುವಾಗ ಅವಳ ಮಾತು ಚುಚ್ಚಿತು. ಅಷ್ಟು ವರ್ಷ ಆ ಊರಲ್ಲಿದ್ದು, ಪ್ರತಿ ಸಂಕ್ರಾಂತಿಗೆ ಆ ಗುಡಿಸಲುಗಳ ಮುಂದೆಯೇ ತಾಟು ಹಿಡಿದು ಬೇರೆ ಮನೆಗಳಿಗೆ ಹೋಗಿದ್ದೆ. ಈ ಸಲ ಹೋದದ್ದೂ ಕಬ್ಬಿಗಾಗಿ.

ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ತಲುಪಿತ್ತು. "ನೀ ಏನೋ ಹೇಳಿದೆಂತ" ಎಂದರು ಇವರು, ಮಂಚದ ಮೇಲೆ ಎದ್ದು ಕೂತು. "ಊರಿಗೆಲ್ಲಾ ಕೇಳಿಸೈತಿ, ನನಗ ಬಿಟ್ಟ." ನಾನು ಒಳಗೆ ಹೋಗಿಬಿಟ್ಟೆ. ರೊಟ್ಟಿ ತಟ್ಟಲು ಕೂತೆ. ಒಂದು ತಟ್ಟಿದೆ, ಎರಡು ತಟ್ಟಿದೆ. ಆಮೇಲೆ ಗೋಡೆಯ ಮರೆಯಲ್ಲಿ, ರೊಟ್ಟಿಯ ಸದ್ದಿನ ನಡುವೆ, ಇಡೀ ಒಡಪನ್ನು ಹೆಸರಿನ ಸಮೇತ ಹೇಳಿದೆ. ಪಡಸಾಲೆಯಲ್ಲಿ ಟಿವಿ ಬಂದ್ ಆಯಿತು. ಆಮೇಲೆ, ದೂರದಿಂದ ಯಾರೋ ಹೆಸರು ಹಿಡಿದು ಕರೆದರೆ ಓಗೊಡುವ ಹಾಗೆ, "ಓ" ಎಂದರು. ನನಗೆ ಎಷ್ಟು ನಾಚಿಕೆಯಾಯಿತೆಂದರೆ ರೊಟ್ಟಿ ಹೊತ್ತಿದ್ದು ಗೊತ್ತಾಗಲಿಲ್ಲ.

ಗ್ಯಾಂಗು ಮಾತಿನಂತೆ ಬಂತು. ಕೊಯ್ತಾ ಬೀಸಿ ಬುಡಕ್ಕೆ ಕಡಿದರು, ತುರಾಯಿ ಸವರಿದರು, ಕಟ್ಟು ಕಟ್ಟಿ ತಲೆಯ ಮೇಲೆ ಹೊತ್ತು ಟ್ರೇಲರಿಗೆ ಏರಿಸಿದರು. ಕೊನೆಯ ಟ್ರೇಲರ್ ಹೊರಟ ದಿನ ಸಂಜೆ ಗ್ಯಾಂಗಿನ ಹೆಂಗಸರು ಬಂದರು. ಜಳಕ ಮಾಡಿ, ಪೆಟ್ಟಿಗೆಯಲ್ಲಿಟ್ಟ ಸೀರೆ ಉಟ್ಟು, ತಲೆ ಬಾಚಿ, ಹೂ ಮುಡಿದು ಬಂದಿದ್ದರು. ಕರೆದದ್ದನ್ನು ಅವರು ನಂಬಿದ್ದರು.

ಅತ್ತೆ ಅಂಗಳದಲ್ಲಿ ಗೋಣಿತಟ್ಟು ಹಾಸಿದರು. "ಇಲ್ಲೇ ಕುಂದ್ರಸಿ ಹಚ್ಚಿ ಕಳಿಸ" ಎಂದರು ನನಗೆ, ಮೆಲ್ಲಗೆ ಅಲ್ಲ. "ಯಾರ ಯಾವ ಪೈಕಿಯವರೋ, ಒಳಗೆಲ್ಲಾ ಯಾಕ?"

ನಾನು ಬಾಗಿಲಲ್ಲಿ ನಿಂತಿದ್ದೆ. ಈ ಸಲ ಹೊಸ್ತಿಲಿನ ಒಳಗೆ. ಕೈಯಲ್ಲಿ ತಾಟಿತ್ತು. ಒಳಗೆ ಬನ್ನಿ ಅನ್ನುವುದು ಎರಡೇ ಮಾತು, ಅದಕ್ಕೆ ಪ್ರಾಸವೂ ಬೇಡ. ಅತ್ತೆಯ ಮುಖ ನೋಡಿದೆ. ನನ್ನ ಕಬ್ಬಿಗೆ ತೆರೆದ ಬಾಯಿ ಅವರಿಗೆ ತೆರೆಯಲಿಲ್ಲ. ಎಲ್ಲರೂ ನಿಂತೇ ಇದ್ದರು. ಕೂರಬೇಕೋ ಬೇಡವೋ ಗೊತ್ತಾಗದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಕೊನೆಗೆ ಮುಕಾದಮನ ಹೆಂಡತಿಯೇ ನಗುನಗುತ್ತ ಮುಂದೆ ಬಂದಳು. "ಬಾಹೇರಚ ಬರಂ ಆಹೆ, ಬಾಯಿ" ಎಂದಳು. ಹೊರಗೇ ಚೆನ್ನಾಗಿದೆ, ನಮ್ಮ ಕಾಲು ಕೆಸರು.

ಅವಳ ಕಾಲು ನೋಡಿದೆ. ತಿಕ್ಕಿ ತೊಳೆದ ಕಾಲು, ಉಂಗುರ ಹೊಳೆಯುತ್ತಿತ್ತು. ಕೆಸರು ಎಲ್ಲಿತ್ತು? ಪಾಪ, ದಣದೈತಿ ಕೂಸು ಎಂದ ಮಾವಶಿಯ ದನಿ ಕಿವಿಯಲ್ಲಿ ಬಂತು. ಮತ್ತೆ ಒಬ್ಬಾಕೆ ನನ್ನ ಬದಲು ಮಾತಾಡಿ ನನ್ನ ಮಾನ ಮುಚ್ಚುತ್ತಿದ್ದಳು. ಮಾವಶಿ ಮುಚ್ಚಿದಾಗ ನಾನು ಒಳಗೆ ಹೋದೆ. ಇವಳು ಮುಚ್ಚಿದರೆ ಹೊರಗೆ ಉಳಿಯುವವಳು ಇವಳೇ.

"ಅತ್ತಿ, ಅವರ ಒಳಗ ಬರ್ತಾರ್ರಿ" ಎಂದೆ. ಧ್ವನಿ ಸಣ್ಣದಾಗಿ ಬಂತು. ಇನ್ನೊಮ್ಮೆ ಎಂದೆ. "ನಾ ಕರದೀನ್ರಿ. ಒಳಗ ಬರ್ತಾರ."

ಅತ್ತೆ ನನ್ನನ್ನೇ ನೋಡಿದರು. "ಬೆಳ್ಳಿಗೆ ಬಾಯಿ ಬಂತವ್ವಾ!" ಎಂದು ಗೋಣಿತಟ್ಟು ಜಾಡಿಸಿ ಹಿತ್ತಿಲಿಗೆ ಹೋದರು. ಆ ಮುನಿಸು ಬಹಳ ದಿನ ಹೋಗಲಿಲ್ಲ. ಪಡಸಾಲೆಯಲ್ಲಿ ಇವರು ಎರಡೂ ಕೈಯಿಂದ ಪ್ಲಾಸ್ಟರಿನ ಕಾಲು ಎತ್ತಿ ಸರಿಸಿ, ಬರುವವರಿಗೆ ಜಾಗ ಮಾಡಿದರು.

ಮುಕಾದಮನ ಹೆಂಡತಿ ಹೊಸ್ತಿಲ ತನಕ ಬಂದು ನಿಂತಳು. "ಆಧೀ ನಾವ ಘೇಊ ಕಾ?" ಎಂದಳು. ಮೊದಲು ಹೆಸರು ಹೇಳಲಾ ಎಂದು ಚೇಷ್ಟೆಗೆ ಕೇಳಿದ್ದು. ಹೇಳದೆ ಒಳಗೆ ಬಿಡುವುದು ಪದ್ಧತಿಯಲ್ಲ ಎಂದು ಅವಳಿಗೂ ಗೊತ್ತು.

"ನಕೋ" ಎಂದೆ. ಬೇಡ, ಬನ್ನಿ.

ಅವಳು ಬಲಗಾಲಿಟ್ಟು ಒಳಗೆ ಬಂದಳು, ಹಿಂದೆ ಉಳಿದವರೆಲ್ಲ ಬಂದರು. ಚಾಪೆಯ ಮೇಲೆ ಕೂತು, ಸೆರಗಿನಿಂದ ಹಣೆ ಒರೆಸಿಕೊಂಡು ಮುಂದೆ ಒಡ್ಡಿದಳು. ಒರೆಸಿಕೊಳ್ಳುವಂಥದ್ದು ಹಣೆಯ ಮೇಲೆ ಏನೂ ಇರಲಿಲ್ಲ. ಅಷ್ಟು ಹೊತ್ತು ಅವಳನ್ನು ಅಂಗಳದಲ್ಲಿ ನಿಲ್ಲಿಸಿದ್ದೆನಲ್ಲ, ಕಣ್ಣು ಕೂಡಿಸಲು ನನಗಾಗಲಿಲ್ಲ. ಹಣೆಯನ್ನಷ್ಟೇ ನೋಡಿ ಕುಂಕುಮ ಹಚ್ಚಿದೆ.